ಮತ್ತು

ವುಪರ್ ಹೊಳೆಯ ಈಚೆ ದಂಡೆಯಲ್ಲಿ
ತಿಂಗಳ ಮೊದಲ ಭಾನುವಾರ ಹಳೆ ಸಾಮಾನಿನ ಸಂತೆ.
ಆರು ಗಂಟೆಗೇ ಹೋಗಬೇಕು. ಕೈಯಲ್ಲಿ ಟಾರ್ಚು,
ಜೇಬಿನಲ್ಲಿ ಭೂತಗನ್ನಡಿ, ಮುಖದ ಮೇಲೆ
ಏನೂ ಬೇಡದವನ ಕಳೆ.

ಮೂವತ್ತೊಂದು ವರ್ಷದ ಚಾಳಿ ಇದು.
ಸೋಲಿಂಗನ್ನಿನವನು ನಾನು. ಅಪ್ಪ ಸಾಣೆಯವನು,
ಅವನಪ್ಪನೂ. ನಮ್ಮೂರ ಮಕ್ಕಳು
ಅಕ್ಷರಕ್ಕೆ ಮೊದಲು ಅಲಗು ಓದುತ್ತಾರೆ.
ಬುಡದ ಗುರುತು ನೋಡಿ ಹೇಳಬಲ್ಲೆ
ಯಾವ ಕಾರ್ಖಾನೆ, ಮೂವತ್ತಾರೋ ಮೂವತ್ತೆಂಟೋ,
ಒರೆಯ ಕಪ್ಪು ಅಂದಿನದೋ ಮೊನ್ನೆ ಬಳಿದದ್ದೋ.

ಮನೆಯಲ್ಲಿ ಏಳು ಡ್ರಾಯರು, ಹಸಿರು ಬನಾತು,
ಇಪ್ಪತ್ತಾರು ಚಾಕು. ಎಲ್ಲವೂ ಹುಡುಗರವು,
ಕ್ಯಾಂಪಿಗೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿದವು.
ನಾಲ್ಕು ತೀರ ಹಳೆಯವು, ಜಿಂಕೆಕೊಂಬಿನ ಹಿಡಿಯವು;
ಮಿಕ್ಕವು ಆಮೇಲಿನವು,
ಊರಿನ ಹುಡುಗರಿಗೆಲ್ಲ ಒಂದೇ ಬಣ್ಣದ ಅಂಗಿ ಬಂದ ಮೇಲಿನವು.
ಹಿಡಿಯ ನಡುವೆ ಬಿಲ್ಲೆ, ಬಿಲ್ಲೆಯಲ್ಲಿ ಆ ಕೊಕ್ಕೆ ಶಿಲುಬೆ.
ಸಂತೆಯಲ್ಲಿ ಅದರ ಮೇಲೊಂದು ಪಟ್ಟಿ ಅಂಟಿಸಿರುತ್ತಾರೆ,
ಕಾನೂನು. ಔಷಧದಂಗಡಿಯ ಪಟ್ಟಿ,
ಮಂಡಿ ತರಚಿದರೆ ಅಂಟಿಸುವಂಥದು.

ಇತಿಹಾಸ, ಎನ್ನುತ್ತೇನೆ ಯಾರಾದರೂ ಕೇಳಿದರೆ.
ಉಕ್ಕು ಒಳ್ಳೆಯದು, ಎನ್ನುತ್ತೇನೆ.
ಆಡೆಲ್‌ಹೈಡ್ ಕೇಳುವುದು ಬಿಟ್ಟು ಬಹಳ ಕಾಲವಾಯಿತು;
ಆ ಕೋಣೆಯ ಧೂಳು ನಾನೇ ಒರೆಸಿಕೊಳ್ಳುತ್ತೇನೆ.

ಅವತ್ತು ಮಂಜು. ಸಾಲಿನ ಕೊನೆಗೆ ಒಬ್ಬಾಕೆ,
ಎಪ್ಪತ್ತರ ಮೇಲೆ, ಮಡಚುವ ಮೇಜು,
ಮೇಜಿನ ಮೇಲೆ ಜಾಮಿನ ಖಾಲಿ ಸೀಸೆಗಳು, ರೆಕ್ಕೆ ಮುರಿದ ದೇವದೂತರು.
ತನ್ನ ಪಾಡಿಗೆ ಸೇಬು ಹೆಚ್ಚುತ್ತಿದ್ದಳು.
ಯಾವುದರಿಂದ ಎಂದು ಕಂಡಾಗ
ನನ್ನೆದೆ ಧಸಕ್ಕೆಂದಿತು.

ಮಾರುತ್ತೀರಾ?
ಇದನ್ನೇ? ಎಂದಳು. ತಾಳಿ, ಸೇಬು ಮುಗಿಯಲಿ.

ತಾಳಿದೆ. ಸಿಪ್ಪೆ ಎಲ್ಲೂ ಹರಿಯದೆ
ಉದ್ದಕ್ಕೆ ಸುರುಳಿಯಾಗಿ ಇಳಿಯಿತು ಅವಳ ಮಡಿಲಿಗೆ.
ನಮ್ಮಣ್ಣ ಇಮ್ಮೋದು, ಎಂದಳು.
ದೊಡ್ಡಪ್ಪನ ಮಗನಿಂದ ಅವನಿಗೆ ಬಂತು.
ಹದಿಮೂರು ತುಂಬಿತ್ತು, ಸೇತುವೆ ಕಾಯಲು ಕಳಿಸಿದರು.
ಹೊರಡುವ ಗಡಿಬಿಡಿಯಲ್ಲಿ ಇದನ್ನು ಮರೆತು ಹೋದ.
ಅಮೆರಿಕದವರು ಬರುವ ಹಿಂದಿನ ರಾತ್ರಿ
ಅಮ್ಮ ಬಿಲ್ಲೆ ಮೀಟಿ ತೆಗೆದು ಪಾಯಿಖಾನೆಗೆ ಹಾಕಿದಳು.
ಚಾಕು ಹೇಗೆ ಎಸೆಯುವುದು?
ಸಿಕ್ಕ ನಾಲ್ಕು ಆಲೂಗಡ್ಡೆಗೆ ಸಿಪ್ಪೆಯೂ ಇತ್ತಲ್ಲ.

ಇಮ್ಮೋ? ಎಂದು ಕೇಳಲಿಲ್ಲ ನಾನು.
ಐದು ಯೂರೋ, ಎಂದಳು. ಜೊತೆಗೆ ಅರ್ಧ ಸೇಬು.
ಬಿಲ್ಲೆ ಇದ್ದಿದ್ದರೆ ನಾನೂರು, ಎಂದು
ನನ್ನೊಳಗಿನ ವ್ಯಾಪಾರಿ ಆಗಲೂ ಲೆಕ್ಕ ಹಾಕಿದ.
ಬರೆಯುತ್ತಿದ್ದೇನೆ, ಇರಲಿ, ಇದೂ ಇರಲಿ.

ದೀಪದ ಕೆಳಗೆ ಹಿಡಿದೆ.
ಬಿಲ್ಲೆಯ ತೂತಿಗೆ ಮರದ ಬೆಣೆ,
ಅಮ್ಮನೇ ಕೆತ್ತಿ ಬಡಿದದ್ದಿರಬೇಕು.
ಅಲಗಿನ ಮೇಲೆ ಅಂದಿನ ಕೊರೆದ ಮಾತು:
ರಕ್ತ ಮತ್ತು ಗೌರವ.
ಅರವತ್ತು ವರ್ಷ ಬೂದಿ ಹಾಕಿ ತಿಕ್ಕಿದ್ದಾರೆ
ಇಬ್ಬರು ಹೆಂಗಸರು, ಒಬ್ಬಳಾದ ಮೇಲೆ ಒಬ್ಬಳು.
ರಕ್ತ ಅಳಿಸಿದೆ. ಗೌರವವೂ.
ಭೂತಗನ್ನಡಿಗಷ್ಟೇ ಕಾಣುವ ಹಾಗೆ
ನಡುವಿನ ಪುಟ್ಟ ಪದವೊಂದು,
ಮತ್ತು,
ಇನ್ನೂ ಇಳಿದಿಲ್ಲ.

ನನ್ನ ಡ್ರಾಯರುಗಳಲ್ಲಿ ಅದು ಹೊಚ್ಚ ಹೊಸದಾಗಿದೆ.

ಮುಷ್ಟಿಯಲ್ಲಿ ಹಿಡಿದೆ. ಕಿರುಬೆರಳು ಹೊರಗುಳಿಯಿತು.
ಬಿಳಿ ಕೈಗವಸು ಹಾಕಿ ತುದಿಬೆರಳಲ್ಲೇ ಎತ್ತಿ ಇಟ್ಟವನು ನಾನು,
ಒಂದನ್ನೂ ಹೀಗೆ ಹಿಡಿದಿರಲಿಲ್ಲ.
ಡ್ರಾಯರು ಎಳೆದೆ. ಒಂದೊಂದಾಗಿ ಹಿಡಿಯುತ್ತ ಹೋದೆ.
ಹದಿನೇಳನೆಯದಕ್ಕೆ ನಿಲ್ಲಿಸಿದೆ;
ಎಲ್ಲದರಲ್ಲೂ ಬೆರಳಿಗೆ ಜಾಗವಿಲ್ಲ.

ನನ್ನಜ್ಜ ದಿನಕ್ಕೆ ಇನ್ನೂರು ಅಲಗು ಸಾಣೆ ಹಿಡಿಯುತ್ತಿದ್ದ,
ಕಲ್ಲಿನ ಮೇಲೆ ಬಗ್ಗಿ, ಮೂಗಿನ ತುದಿಗೆ ನೀರು ತೊಟ್ಟಿಕ್ಕುತ್ತ.
ಅಳತೆ ಅವನಿಗೆ ಗೊತ್ತಿತ್ತು.

ಇಪ್ಪತ್ತೇಳನೆಯದಕ್ಕೆ ಬನಾತಿನಲ್ಲಿ ಗುಳಿ ಕೊರೆದಿಲ್ಲ ಇನ್ನೂ.
ಮೇಜಿನ ಮೇಲೆ ಬಿದ್ದಿದೆ.
ಅಲಗಿಗೆ ಸೇಬಿನ ರಸ ಒಣಗಿ ಕಂದಾಗುತ್ತಿದೆ.
ಒರೆಸಬೇಕು.